ನವಮಿಯ ದಿನ ದೋಣಿಗಿಟ್ಟ ಕುಂಕುಮ

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ದೋಣಿಯ ಬಣ್ಣ ನೀಲಿ ಎಂದು ನನ್ನ ನೆನಪು. ಮನೆಯಲ್ಲಿ ಉಳಿದಿರುವ ಒಂದೇ ಫೋಟೋದಲ್ಲಿ ಅದು ಬೂದು ಬಣ್ಣದ್ದಾಗಿ ಕಾಣುತ್ತದೆ. ಆದರೆ ಅದೇ ಫೋಟೋದಲ್ಲಿ ಅಮ್ಮನ ಹಸಿರು ಸೀರೆಯೂ ಬೂದು ಬಣ್ಣಕ್ಕೆ ತಿರುಗಿದೆ, ಹಾಗಾಗಿ ಫೋಟೋವನ್ನೂ ನಂಬುವಂತಿಲ್ಲ. ಮರದ ಕೊಂಬೆ ಬಿದ್ದಾಗ ನಾನು ಮನೆಯಲ್ಲೇ ಇದ್ದೆ, ಆ ಸದ್ದನ್ನು ಕೇಳಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅಕ್ಕನ ಪ್ರಕಾರ ನಾನು ಆಗ ಟ್ಯೂಷನ್‌ಗೆ ಹೋಗಿದ್ದೆ, ಮಳೆ ನಿಂತ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದೆ. ಅವಳೇ ಸರಿ ಇರಬಹುದು. ಇತಿಹಾಸದ ಎಂ.ಎ. ಓದುವಾಗ, ಕಣ್ಣಾರೆ ಕಂಡೆ ಎನ್ನುವವರ ಮಾತನ್ನೇ ಹೆಚ್ಚು ಅನುಮಾನಿಸಬೇಕು ಎಂದು ಕಲಿಸಿದ್ದರು. ಆ ಪಾಠ ನಮ್ಮ ಮನೆಯ ವಿಷಯಕ್ಕೇ ಬೇಕಾಗುತ್ತದೆ ಎಂದು ಆಗ ಅನ್ನಿಸಿರಲಿಲ್ಲ.

ಒಂದಂತೂ ನಿಜ. ತೊಂಬತ್ತರ ದಶಕದ ಆ ವರ್ಷ, ನವರಾತ್ರಿಯ ನಡುವೆ, ಬಸವನಗುಡಿಯ ನಮ್ಮ ಮನೆಯ ಪಕ್ಕದ ಓಣಿಯಲ್ಲಿ ಒಂದು ಹಾಯಿದೋಣಿ ಒಡೆದು ಬಿದ್ದಿತ್ತು. ವಿಜಯದಶಮಿ ಕಳೆದು ಬರುವ ಭಾನುವಾರದೊಳಗೆ ಅದು ಸರಿಯಾಗಲೇಬೇಕಿತ್ತು.

ಬಸವನಗುಡಿಯಲ್ಲಿ ಹಾಯಿದೋಣಿ ಎಂದರೆ ಈಗಲೂ ಜನ ನಗುತ್ತಾರೆ. ಅಕ್ಕ ಕಾಲೇಜಿನಲ್ಲಿ ಎನ್.ಸಿ.ಸಿ.ಯ ನೌಕಾ ವಿಭಾಗಕ್ಕೆ ಸೇರಿದ್ದಳು. ಭೂಸೇನೆಯ ವಿಭಾಗದಲ್ಲಿ ಜಾಗ ಖಾಲಿ ಇರಲಿಲ್ಲ, ಸೇರಲು ಬೇರೆ ಕಾರಣವೇನೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಬಿಳಿ ಸಮವಸ್ತ್ರ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಹಲಸೂರು ಕೆರೆಗೆ ಹೋಗುತ್ತಿದ್ದಳು. ಒಂದು ದಿನ ಬಂದವಳು ಊಟಕ್ಕೆ ಕೂತು ಅನ್ನ ಕಲಸುವುದನ್ನೇ ಮರೆತು, "ಗಾಳಿ ಹಗ್ಗದ ಮೂಲಕ ಕೈಗೆ ಬರುತ್ತೆ ಗೊತ್ತಾ" ಎಂದಳು. ಅಮ್ಮ "ಸಾರು ಆರ್ತಿದೆ" ಎಂದಳು. ಅಪ್ಪ ಮಾತ್ರ ತಲೆ ಎತ್ತಿ ನೋಡಿದರು.

ಅಪ್ಪ ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತರು. ಆದರೆ ಅವರ ಜೀವ ಇದ್ದದ್ದು ಮರಗೆಲಸದಲ್ಲಿ. ನಮ್ಮ ಮನೆಯ ಮಣೆ, ಸ್ಟೂಲು, ಪುಸ್ತಕದ ಕಪಾಟು, ನವರಾತ್ರಿಯ ಬೊಂಬೆ ಕೂರಿಸುವ ಮೆಟ್ಟಿಲು ಎಲ್ಲವೂ ಅವರ ಕೈಯವು. ಅಕ್ಕ ಯಾವುದೋ ಹಳೇ ಇಂಗ್ಲಿಷ್ ಪತ್ರಿಕೆಯಿಂದ ಒಬ್ಬರೇ ನಡೆಸುವ ಪುಟ್ಟ ಹಾಯಿದೋಣಿಯ ನಕ್ಷೆಯನ್ನು ಜೆರಾಕ್ಸ್ ಮಾಡಿಸಿ ತಂದಳು. ತಂದೆ ಮಗಳು ಎರಡು ಬೇಸಿಗೆ ಕೂತು ಪ್ಲೈವುಡ್ಡಿನಲ್ಲಿ ಅದನ್ನು ಕಟ್ಟಿದರು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು ದಿನಾ ಸಂಜೆ ಗೇಟಿನ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದರು.

"ಏನ್ ಸ್ವಾಮಿ, ಲಾಲ್‌ಬಾಗ್ ಕೆರೆ ಉಕ್ಕಿ ಬಂದ್ರೆ ನಮ್ಮನ್ನೂ ಹತ್ತಿಸ್ಕೊಳ್ಳಿ."

"ಒಬ್ಬರಿಗೇ ಜಾಗ ಸಾರ್."

"ಹಾಗಾದ್ರೆ ನಮ್ಮನೆಯವಳನ್ನ ಹತ್ತಿಸಿ. ನಾನು ಇಲ್ಲೇ ಆರಾಮಾಗಿರ್ತೀನಿ."

ಆ ವರ್ಷದ ಆಯ್ಕೆ ಪಂದ್ಯ ಅಕ್ಕನ ಪಾಲಿಗೆ ಕೊನೆಯದು. ಗೆದ್ದ ಕೆಲವರನ್ನು ಕರಾವಳಿಯಲ್ಲಿ ಒಂದು ವರ್ಷದ ತರಬೇತಿಗೆ ಕಳಿಸುತ್ತಿದ್ದರು. ಅಲ್ಲಿಂದ ಮುಂದೆ ಕ್ರೀಡಾ ಕೋಟಾದಲ್ಲಿ ಬಂದರಿನ ಕೆಲಸವೊಂದು ಸಿಗುವ ದಾರಿ ಇತ್ತು. ದೋಣಿಯನ್ನು ಸ್ಪರ್ಧಿಗಳೇ ತರಬೇಕು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಅಮ್ಮನ ಬಳಿ ಆಗಲೇ ಎರಡು ಜಾತಕ ಬಂದಿದ್ದವು, ಬ್ಯಾಂಕ್ ಪರೀಕ್ಷೆಯ ಗೈಡುಗಳು ಮೇಜಿನ ಮೇಲಿದ್ದವು. ಅಕ್ಕ ಅಮ್ಮನಿಗೆ ಒಂದು ಮಾತು ಕೊಟ್ಟಿದ್ದಳು. "ಇದೊಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ. ಮತ್ತೆ ಎದುರು ಮಾತಾಡಲ್ಲ." ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಅಕ್ಕ ಯಾವುದಕ್ಕೂ ಹಾಗೆ ಮಾತು ಕೊಡುವವಳಲ್ಲ.

ಬೊಂಬೆ ಕೂರಿಸಿ ಕೆಲವು ದಿನವಾಗಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಆಕಾಶ ಕಪ್ಪಾಯಿತು, ಆಲಿಕಲ್ಲು ಬಿತ್ತು, ಆಮೇಲೆ ಗಾಳಿ. ರಸ್ತೆಯ ಗುಲ್‌ಮೊಹರ್ ಮರದ ದೊಡ್ಡ ಕೊಂಬೆಯೊಂದು ಮುರಿದು, ಕಾಂಪೌಂಡ್ ಗೋಡೆ ದಾಟಿ ಓಣಿಯೊಳಕ್ಕೆ ಬಿತ್ತು. ದೋಣಿಯನ್ನು ಅಲ್ಲೇ ಇಟ್ಟಿಗೆಗಳ ಮೇಲೆ ಬೋರಲು ಹಾಕಿದ್ದರು. ಕೊಂಬೆಯ ಮುರಿದ ತುದಿ ನೇರವಾಗಿ ಅದರ ತಳವನ್ನು ತೂರಿಕೊಂಡು ಹೋಗಿತ್ತು. ಗೋಡೆಗೆ ಒರಗಿಸಿ ಸುತ್ತಿಟ್ಟಿದ್ದ ಹಾಯಿ ಹರಿದಿತ್ತು. ಹಾಯಿ ಕಟ್ಟುವ ಕಂಬಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಅಪ್ಪ ಕಚೇರಿಯಿಂದ ಬಂದಾಗ ಅಕ್ಕ ಒದ್ದೆ ಎಲೆಗಳ ನಡುವೆ ಕೂತು, ತೂತಿನೊಳಗೆ ಕೈ ಹಾಕಿ ಚೂರುಗಳನ್ನು ಒಂದೊಂದಾಗಿ ಎತ್ತಿ ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. ಅಳುತ್ತಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

"ಅಪ್ಪಾ, ಆಗುತ್ತಾ?"

ಅಪ್ಪ ಟಿಫನ್ ಕ್ಯಾರಿಯರ್ ಕೆಳಗಿಟ್ಟು, ಮಂಡಿಯೂರಿ, ಗೇಣು ಹಾಕಿ ನೋಡಿದರು. "ಗಾಬರಿ ಆಗ್ಬೇಡ. ಮೊದ್ಲು ಅಳತೆ ಮಾಡೋಣ."

"ಆಗುತ್ತಾ ಇಲ್ವಾ ಹೇಳಿ."

"ಒಣಗಿದ್ರೆ ಆಗುತ್ತೆ," ಎಂದರು.

ಅಲ್ಲಿಂದ ನಮ್ಮ ಮನೆಯಲ್ಲಿ ಎಲ್ಲರೂ ಆಕಾಶ ನೋಡುವುದೇ ಆಯಿತು. ಮಾಡಬೇಕಾದದ್ದು ಕೇಳಲು ಸುಲಭ. ಒಡೆದ ಜಾಗವನ್ನು ಚೌಕವಾಗಿ ಕತ್ತರಿಸಿ ತೆಗೆಯಬೇಕು. ಅದರ ನಾಲ್ಕು ಅಂಚುಗಳನ್ನು ಓರೆಯಾಗಿ ಉಜ್ಜಿ, ಅದೇ ಓರೆಗೆ ಸರಿಯಾಗಿ ಹೊಸ ಪ್ಲೈವುಡ್ ತೇಪೆಯನ್ನು ಕೂರಿಸಬೇಕು. ಎರಡು ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಬರುವ ಅಂಟನ್ನು ಒಟ್ಟಿಗೆ ಕಲಸಿ ಹಚ್ಚಿ, ಒಳಗಿನಿಂದ ಒಂದು ಪಟ್ಟಿ ಕೊಟ್ಟು, ಮೇಲೆ ಗಾಜಿನ ನಾರಿನ ಬಟ್ಟೆ ಅಂಟಿಸಬೇಕು. ಮರ ಒಣಗಿರಬೇಕು, ಅಂಚು ಶುದ್ಧವಾಗಿರಬೇಕು. ಅಂಟು ಗಟ್ಟಿಯಾಗಲು ದಿನಗಳು ಬೇಕು. ನಮ್ಮಲ್ಲಿ ದೋಣಿ ಕಟ್ಟುವಾಗ ಉಳಿದಿದ್ದ ಅಂಟು ಒಂದೇ ಸಲಕ್ಕೆ ಸಾಕಾಗುವಷ್ಟಿತ್ತು. ಅದನ್ನು ಮಾರುತ್ತಿದ್ದ ಅಂಗಡಿಯವರು ದಸರೆಗೆಂದು ಬಾಗಿಲು ಹಾಕಿ ಊರಿಗೆ ಹೋಗಿದ್ದರು. ಅಕ್ಕ ಆ ಶಟರ್‌ ಮುಂದೆ ಎರಡು ಸಲ ಹೋಗಿ ನಿಂತು ಬಂದಳು. ಬೀಗ ಹಾಕಿದ ಅಂಗಡಿಗೆ ಎರಡನೇ ಸಲ ಯಾಕೆ ಹೋದೆ ಎಂದು ಯಾರೂ ಕೇಳಲಿಲ್ಲ. ಮಾಮೂಲ್‌ಪೇಟೆಯಲ್ಲಿ ಹಿತ್ತಾಳೆ ಸ್ಕ್ರೂ ಸಿಕ್ಕಿದವು, ಅಷ್ಟೇ.

ಹಾಯಿಯನ್ನು ಅಮ್ಮ ತೆಗೆದುಕೊಂಡಳು. ಯಾರೂ ಹೇಳಲಿಲ್ಲ, ತಾನಾಗಿ ತೆಗೆದುಕೊಂಡಳು. ನಡುಮನೆಯಲ್ಲಿ ಬೊಂಬೆಗಳ ಮುಂದೆ ಅದನ್ನು ಹಾಸಿ, ಹರಿದ ಉದ್ದಕ್ಕೂ ಪಿನ್ನು ಚುಚ್ಚಿ, ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನಿನಲ್ಲಿ ಎರಡೆರಡು ಸಾಲು ಹೊಲಿದಳು. ಸಂಜೆ ಬೊಂಬೆ ನೋಡಲು ಬಂದ ಹೆಂಗಸರು ಅರಿಶಿನ ಕುಂಕುಮ ತೆಗೆದುಕೊಂಡು, ಗುಗ್ಗರಿಯ ಪೊಟ್ಟಣ ಹಿಡಿದು, ಹಾಯಿಯನ್ನು ದಾಟಿಕೊಂಡು ಓಣಿಗೆ ಇಣುಕುತ್ತಿದ್ದರು.

"ಅದೂ ಬೊಂಬೇನಾ? ಯಾವ ಕಥೆ ಕೂರ್ಸಿದೀರ ಈ ಸಲ?"

"ಅದು ನನ್ ಮಗಳ ಕಥೆ," ಎಂದಳು ಅಮ್ಮ. ನಗುತ್ತಾ ಹೇಳಿದಳೋ ಹೇಗೋ, ನಾನು ಅವಳ ಬೆನ್ನನ್ನಷ್ಟೇ ನೋಡಿದೆ.

ಒಂದು ದಿನ ಅಡುಗೆಮನೆಯಲ್ಲಿ ಕಡಲೆಬೇಳೆ ತೊಳೆಯುತ್ತಿದ್ದ ಅಮ್ಮ, ನನಗೋ ತನಗೋ ಗೊತ್ತಾಗದ ಹಾಗೆ ಹೇಳಿದ್ದು ಹೀಗೆ: "ದೇವರ ಮುಂದೆ ನಿಂತ್ರೆ ಏನ್ ಬೇಡ್ಕೋಬೇಕೋ ಗೊತ್ತಾಗ್ತಿಲ್ಲ ಕಣೆ." ಈ ಮಾತನ್ನು ನಾನು ಅಂದೇ ಡೈರಿಯಲ್ಲಿ ಬರೆಯಲಿಲ್ಲ. ವರ್ಷಗಳ ಮೇಲೆ ನೆನೆಸಿಕೊಂಡೆ. ಹಾಗಾಗಿ ಅದರ ತೂಕ ಎಷ್ಟು ಎಂದು ನನಗೇ ಗೊತ್ತಿಲ್ಲ.

ಮಳೆ ಬಿಡಲಿಲ್ಲ. ಓಣಿಯ ಮೇಲೆ ಟಾರ್ಪಾಲು ಕಟ್ಟಿದ್ದರೂ ಗಾಳಿಯಲ್ಲೇ ತೇವವಿತ್ತು. ಅಕ್ಕ ಅಂಚುಗಳನ್ನು ಉಪ್ಪು ಕಾಗದದಿಂದ ಉಜ್ಜುವುದು, ಪಕ್ಕದ ಹಲಗೆಗೆ ಕೆನ್ನೆ ತಾಗಿಸಿ ತಣ್ಣಗಿದೆಯೇ ಎಂದು ನೋಡುವುದು, ಫ್ಯಾನ್ ಇಡುವುದು, ಮತ್ತೆ ಉಜ್ಜುವುದು. ಬೆರಳ ತುದಿಯ ಚರ್ಮ ಸವೆದು ಸಾರು ತಗುಲಿದರೆ ಉರಿ ಎಂದು ಚಮಚದಲ್ಲಿ ತಿನ್ನುತ್ತಿದ್ದಳು. ಆ ಅಂಚನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು ಎಂದು ನನಗೆ ಗದರಿದ್ದಳು. ಕೈಯ ಜಿಡ್ಡು ತಗುಲಿದರೂ ಅಂಟು ಹಿಡಿಯುವುದಿಲ್ಲವಂತೆ. ಇದನ್ನು ಅವಳು ಅಮ್ಮನಿಗೂ ಹೇಳಿದ್ದಳೇ? ಹೇಳಿರಬೇಕು ಎನ್ನಿಸುತ್ತದೆ. ಹೇಳಿದ್ದನ್ನು ಕೇಳಿದ ನೆನಪಿಲ್ಲ.

ನವಮಿಯ ಬೆಳಿಗ್ಗೆ ಬಿಸಿಲು ಬಂತು. ಎಷ್ಟೋ ದಿನದ ಮೇಲೆ ನೆರಳು ಕಾಣುವಂಥ ಬಿಸಿಲು. ಅಕ್ಕ ಎದ್ದವಳೇ ಮುಖ ತೊಳೆಯದೆ ಓಣಿಗೆ ಓಡಿ, ಅಂಚಿನ ಬಳಿ ಬಗ್ಗಿ ನೋಡಿ, ಅಪ್ಪನ ಉಪಕರಣದ ಪೆಟ್ಟಿಗೆಗೆ ಬಂದಳು. ಪೆಟ್ಟಿಗೆ ಖಾಲಿ. ಗರಗಸ, ಉಳಿ, ಉಜ್ಜುಗೊರಡು, ಕ್ಲ್ಯಾಂಪುಗಳು ಎಲ್ಲವೂ ಆಗಲೇ ದೇವರ ಮುಂದೆ ಸಾಲಾಗಿ ಕೂತಿದ್ದವು, ತಲೆಗೊಂದು ಚೆಂಡುಹೂವು ಮುಡಿದು. ನಮ್ಮ ಮನೆಯಲ್ಲಿ ನವಮಿಯ ದಿನ ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಯ ಪೂಜೆಯಾಗುವ ತನಕ ಯಾರೂ ಮುಟ್ಟುವಂತಿಲ್ಲ. ನನ್ನ ಪಠ್ಯಪುಸ್ತಕಗಳೂ ಅಲ್ಲೇ ಇದ್ದವು, ಅದು ನನಗೆ ಪ್ರತಿ ವರ್ಷದ ಸಂತೋಷ.

"ಅಮ್ಮಾ, ಇವತ್ತು ಬಿಸಿಲಿದೆ. ಇವತ್ತು ಅಂಟಿಸಿದ್ರೇನೇ ಭಾನುವಾರಕ್ಕೆ ಗಟ್ಟಿ ಆಗೋದು. ಕ್ಲ್ಯಾಂಪು, ಉಳಿ ಕೊಟ್ಬಿಡು."

"ಆಯುಧಪೂಜೆ ದಿನ ಆಯುಧ ಕೊಡು ಅಂತೀಯಲ್ಲೇ."

"ದೇವರೇನ್ ಬೇಜಾರ್ ಮಾಡ್ಕೊಳಲ್ಲ."

"ದೇವರ ವಿಷ್ಯ ನಿಂಗೇನ್ ಗೊತ್ತು? ನನ್ ಮಿಷನ್ನೂ ಇಟ್ಟಿದೀನಿ, ನಿಮ್ಮಪ್ಪನ ಸ್ಕೂಟ್ರೂ ಇಟ್ಟಿದೀನಿ. ನಿನ್ ದೋಣಿಗೇನ್ ಕೊಂಬಿದ್ಯಾ?"

"ಅಪ್ಪಾ, ನೀವಾದ್ರೂ ಹೇಳಿ."

ಅಪ್ಪ ಸ್ನಾನ ಮಾಡಿ ಮಡಿ ಪಂಚೆಯಲ್ಲಿ ನಿಂತಿದ್ದರು. ಅಮ್ಮನನ್ನು ನೋಡಿದರು, ಅಕ್ಕನನ್ನು ನೋಡಿದರು. "ನಾಳೆ ಬೆಳಿಗ್ಗೆ ಮಂಗಳಾರತಿ ಆದ ತಕ್ಷಣ ನಾನೇ ಎತ್ತಿ ಕೊಡ್ತೀನಿ ಪುಟ್ಟಿ. ಒಂದ್ ದಿನ ತಾನೆ."

"ನಾಳೆ ಮಳೆ ಬಂದ್ರೆ?"

ಅಕ್ಕ ಬಾಗಿಲಿಗೆ ಒರಗಿ ನಿಂತಳು. ಆಮೇಲೆ ಅವಳೇ ಅಂದಳು: "ಹಾಗಾದ್ರೆ ಅದಕ್ಕೂ ಪೂಜೆ ಮಾಡ್ಬಿಡು. ಅದೂ ನನ್ ಆಯುಧಾನೇ." ಕೋಪದಲ್ಲಿ ಹೇಳಿದಳೇ, ಸೋತು ಹೇಳಿದಳೇ, ಅಥವಾ ನಿಜವಾಗಿಯೂ ದೇವರ ಸಹಾಯ ಬೇಕೆನ್ನಿಸಿತೇ, ನನಗೆ ತಿಳಿಯಲಿಲ್ಲ. ಹೇಳಿ ಅವಳು ಸ್ನಾನಕ್ಕೆ ಹೋದಳು.

ಮುಂದಿನದನ್ನು ನಾನು ನಿಧಾನವಾಗಿ ಬರೆಯಬೇಕು. ಅಮ್ಮ ಅಡುಗೆಮನೆಯೊಳಗೆ ಹೋಗಿ ಹಿತ್ತಾಳೆಯ ಪುಟ್ಟ ಬಟ್ಟಲಿನಲ್ಲಿ ಅರಿಶಿನ, ಇನ್ನೊಂದರಲ್ಲಿ ಕುಂಕುಮ ಕಲಸಿಕೊಂಡು ಬಂದಳು. ನಾನು ಆರತಿ ತಟ್ಟೆ ಹಿಡಿದು ಹಿಂದೆ ಹೋದೆ. ದೋಣಿಯ ಮೂತಿಗೆ ಒಂದು ಬೊಟ್ಟು, ಚುಕ್ಕಾಣಿಗೆ ಒಂದು, ಹಾಯಿಕಂಬಕ್ಕೆ ಒಂದು. ಆಮೇಲೆ ಬಗ್ಗಿ, ಆ ಚೌಕದ ತೂತಿನ ನಾಲ್ಕೂ ಕಡೆ, ಅಕ್ಕ ದಿನಗಟ್ಟಲೆ ಉಜ್ಜಿ ಬಿಳಿ ಮಾಡಿದ್ದ ಅಂಚಿನ ಮೇಲೆ, ಉಂಗುರ ಬೆರಳಿನಿಂದ ಮೊದಲು ಅರಿಶಿನ, ಅದರ ಮೇಲೆ ಕುಂಕುಮ ಹಚ್ಚಿದಳು. ಪೇಪರ್ ಮೇಲಿದ್ದ ಹೊಸ ತೇಪೆಗೂ ಸುತ್ತ ಬೊಟ್ಟಿಟ್ಟಳು. ಬಿದ್ದು ಬಂದ ಮಕ್ಕಳ ಮಂಡಿಗೆ ಅರಿಶಿನ ಹಚ್ಚುವಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು. "ಬೇಗ ಮಾಯಲಿ," ಎಂದಳು. ಗಾಯಕ್ಕೆ ಹೇಳುವ ಮಾತು.

ಬಟ್ಟಲಿನ ಕುಂಕುಮ ಹೊಳೆಯುತ್ತಿತ್ತು. ಆದರೆ ದೀಪದ ಮುಂದೆ ನೀರಿನಲ್ಲಿ ಕಲಸಿದ ಕುಂಕುಮವೂ ಹೊಳೆಯುತ್ತದೆ. ಮಂಡಿಯ ಗಾಯಕ್ಕಾದರೆ ಅಮ್ಮ ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಿದ್ದಳು. ಪೂಜೆಗಾದರೆ ನೀರು. "ನೀರಲ್ಲಿ ಓಡಾಡೋ ವಸ್ತು, ನೀರಲ್ಲಿ ಕಲಸಿಟ್ರೆ ತೊಳ್ಕೊಂಡು ಹೋಗುತ್ತೆ" ಎಂದು ಅವಳ ಧ್ವನಿಯಲ್ಲಿ ಒಂದು ಮಾತು ನನ್ನ ಕಿವಿಯಲ್ಲಿದೆ. ಅದನ್ನು ಅವಳು ಆ ದಿನ ದೋಣಿಗೆ ಹೇಳಿದಳೋ, ಇನ್ನ್ಯಾವುದೋ ವರ್ಷ ಮಳೆಯಲ್ಲಿ ನೆನೆಯುವ ಸ್ಕೂಟರಿಗೆ ಹೇಳಿದಳೋ, ಇಲ್ಲ ನಾನೇ ಅವಳ ಬಾಯಿಗೆ ಹಾಕಿದ್ದೋ, ಈಗ ಬೇರ್ಪಡಿಸಲಾರೆ.

ಅಕ್ಕ ಸ್ನಾನ ಮುಗಿಸಿ ಬಂದು ನೋಡಿದಳು. ಕಣ್ಣು ಮುಚ್ಚಿಕೊಂಡಳು. ಪೂಜೆ ಮಾಡು ಎಂದವಳು ತಾನೇ. ಅಂದು ಅಳಿಸುವಂತಿಲ್ಲ, ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ. ಆ ಇಡೀ ದಿನ ಬಿಸಿಲು ಓಣಿಯ ಮೇಲೆ ಹರಿದು, ಗೋಡೆ ಹತ್ತಿ, ಹೊರಟುಹೋಯಿತು. ಅವಳು ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದಳು. ಹೋಳಿಗೆ ತಿನ್ನಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮೋಡ. ಮಂಗಳಾರತಿಯಾದದ್ದೇ ಅಪ್ಪ ಮಾತಿನಂತೆ ಕ್ಲ್ಯಾಂಪುಗಳನ್ನು ಎತ್ತಿ ಕೊಟ್ಟರು, ಹೂವು ಇನ್ನೂ ಸಿಕ್ಕಿಕೊಂಡಿತ್ತು. ಅಕ್ಕ ಒದ್ದೆ ಬಟ್ಟೆಯಲ್ಲಿ ಅಂಚುಗಳನ್ನು ಒರೆಸಿದಳು, ಒಣಬಟ್ಟೆಯಲ್ಲಿ ಒರೆಸಿದಳು, ಉಪ್ಪು ಕಾಗದ ಹಾಕಿದಳು. ಕೆಂಪು ಹೋಯಿತು. ಹಳದಿಯೂ ಹೆಚ್ಚುಕಡಿಮೆ ಹೋಯಿತು. "ಇನ್ನೂ ಉಜ್ಜಿದ್ರೆ ಅಳತೆ ತಪ್ಪುತ್ತೆ, ತೇಪೆ ಸಡಿಲ ಆಗುತ್ತೆ," ಎಂದರು ಅಪ್ಪ. ಅವಳು ನಿಲ್ಲಿಸಿದಳು.

ಅಂಟನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿದರು. ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಅಪ್ಪ ಸುರಿದರು, ಅಕ್ಕ ಐಸ್‌ಕ್ರೀಮ್ ಕಡ್ಡಿಯಲ್ಲಿ ತಿರುವಿದಳು. ಕಲಸಿದ ಮೇಲೆ ಮಾತಿಲ್ಲ. ತಡಮಾಡಿದರೆ ಚಿಪ್ಪಿನಲ್ಲೇ ಕಲ್ಲಾಗಿಬಿಡುತ್ತದೆ. ಅಂಚಿಗೆ ಹಚ್ಚಿ, ತೇಪೆ ಕೂರಿಸಿ, ಕ್ಲ್ಯಾಂಪು ಬಿಗಿದು, ಬಟ್ಟೆ ಹಾಸಿ ಮೇಲೆ ಮತ್ತೆ ಅಂಟು. ಚಳಿಗೆ ಗಟ್ಟಿಯಾಗುವುದಿಲ್ಲವೆಂದು ದೋಣಿಯ ಕೆಳಗೆ ದೊಡ್ಡ ಬಲ್ಬೊಂದನ್ನು ಉರಿಸಿ, ಸುತ್ತ ಹಳೇ ಕಂಬಳಿ ಮುಚ್ಚಿದರು. ಸಂಜೆ ಕರೆಂಟು ಹೋಯಿತು. ಅಕ್ಕ "ಅಯ್ಯೋ" ಎಂದು ಕೂಗಿದ ಕೂಗು ಎದುರು ಮನೆಗೆ ಕೇಳಿ ಹೆಡ್‌ಮಾಸ್ಟರು ಟಾರ್ಚ್ ಹಿಡಿದು ಬಂದರು. ಬಿಸಿನೀರಿನ ರಬ್ಬರ್ ಚೀಲ ಅವರ ಮನೆಯಿಂದ ಒಂದು, ನಮ್ಮದೊಂದು. ನೀರು ಕಾಯಿಸಿ ತುಂಬಿ ತುಂಬಿ ತಂದುಕೊಟ್ಟವಳು ಅಮ್ಮ. ಚೀಲ ಆರಿತು ಎನ್ನುವಷ್ಟರಲ್ಲಿ ಇನ್ನೊಂದು ಹಿಡಿದು ನಿಂತಿರುತ್ತಿದ್ದಳು. ಇದನ್ನು ಬರೆಯದೆ ಬಿಟ್ಟರೆ ಅನ್ಯಾಯವಾಗುತ್ತದೆ.

ಭಾನುವಾರ ಗೂಡ್ಸ್ ಟೆಂಪೋ ಬಂತು. ಅದರ ಎರಡೂ ಕಡೆ ಆಯುಧಪೂಜೆಯ ಬಾಳೆಕಂದು ಬಾಡಿ ಜೋತುಬಿದ್ದಿದ್ದವು. ಅಪ್ಪ ತೇಪೆಯ ಮೇಲೆ ಬೆರಳು ಮಡಿಚಿ ಬಡಿದು ಸದ್ದು ಕೇಳಿದರು. "ಗಟ್ಟಿ ಇದೆ," ಎಂದರು. ಎದುರು ಮನೆಯವರು "ಗೆದ್ಕೊಂಡ್ ಬಾಮ್ಮಾ, ಮುಂದಿನ ಸಲ ನನಗೊಂದು ಸೀಟು ಇಡು" ಎಂದರು. ಅಮ್ಮನೂ ಬಂದಳು. ಅವಳು ಅಕ್ಕನ ಪಂದ್ಯಕ್ಕೆ ಬಂದದ್ದು ಅದೊಂದೇ ಸಲ. ಹಲಸೂರು ಕೆರೆಯ ದಡದಲ್ಲಿ ಹೆಡ್‌ಮಾಸ್ಟರ ಕ್ಯಾಮೆರಾದಲ್ಲಿ ನಾನು ಫೋಟೋ ತೆಗೆದೆ. ಅಕ್ಕ ನಗುತ್ತಿಲ್ಲ. ಅಮ್ಮ ದೋಣಿಯ ಮೇಲೆ ಒಂದು ಕೈ ಇಟ್ಟಿದ್ದಾಳೆ.

ಮೊದಲ ಸುತ್ತಿನಲ್ಲಿ ಅಕ್ಕ ಮುಂದಿನವರ ಜೊತೆಗೇ ಇದ್ದಳು. ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಹಿಮ್ಮಡಿ ಎತ್ತಿ ಎತ್ತಿ ನೋಡುತ್ತಿದ್ದರು. ಎರಡನೆಯ ಸುತ್ತಿನಲ್ಲಿ ಗಾಳಿ ಜೋರಾಯಿತು. ಅಮ್ಮ ಹೊಲಿದ ಹಾಯಿ ಹೊಟ್ಟೆ ತುಂಬಿದ ಹಾಗೆ ಉಬ್ಬಿತು, ಅಕ್ಕ ಇಬ್ಬರನ್ನು ದಾಟಿದಳು. ಆಮೇಲೆ ದೋಣಿ ಯಾಕೋ ನಿಧಾನವಾಯಿತು. ಗಾಳಿ ಇದೆ, ಹಾಯಿ ತುಂಬಿದೆ, ದೋಣಿ ಮಾತ್ರ ಕುಗ್ಗುತ್ತಿದೆ. ದೂರದಿಂದ ಅವಳ ಒಂದು ತೋಳು ಏಳುವುದು ಬೀಳುವುದು ಕಾಣಿಸಿತು.

"ಏನ್ ಮಾಡ್ತಿದಾಳೆ ಅವಳು?" ಎಂದರು ಅಪ್ಪ. ಅವರಿಗೆ ಗೊತ್ತಾಗಿತ್ತು. "ನೀರು ಎತ್ತಿ ಹಾಕ್ತಿದಾಳೆ."

ಬಚ್ಚಲುಮನೆಯ ಪ್ಲಾಸ್ಟಿಕ್ ಮಗ್ಗು ಅದು, ದೋಣಿಯಲ್ಲಿ ಯಾವಾಗಲೂ ಒಂದು ಕಟ್ಟಿರುತ್ತಿದ್ದಳು. ಒಂದು ಕೈಯಲ್ಲಿ ಹಗ್ಗ, ಮೊಣಕಾಲಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಮಗ್ಗು. ಅವಳು ಹಿಂದೆ ಹಾಕಿದ್ದವರೇ ಅವಳನ್ನು ದಾಟಿ ಹೋದರು. ತಿರುಗಿ ದಡಕ್ಕೆ ಬರಬಹುದಿತ್ತು. ಬರಲಿಲ್ಲ. ಗುರುತಿನ ತೇಲುಬುರುಡೆಯ ಕಡೆಗೇ ಮೂತಿ ಇಟ್ಟುಕೊಂಡು ಎತ್ತಿ ಹಾಕುತ್ತಲೇ ಇದ್ದಳು. ಅಮ್ಮ ನನ್ನ ಪಕ್ಕದಲ್ಲಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. "ಬಂದ್ಬಿಡೆ. ಸಾಕು ಬಂದ್ಬಿಡೆ," ಎನ್ನುತ್ತಿದ್ದಳು, ಅಷ್ಟು ದೂರಕ್ಕೆ ಕೇಳದಷ್ಟು ಮೆಲ್ಲಗೆ. ದೋಣಿಯ ಅಂಚು ನೀರಿನ ಮಟ್ಟಕ್ಕೆ ಬಂತು. ಒಂದು ಅಲೆ, ಅಷ್ಟೇ. ಹಾಯಿ ಪಕ್ಕಕ್ಕೆ ಮಲಗಿತು.

ರಕ್ಷಣಾ ದೋಣಿಯವರು ಎಳೆದುಕೊಂಡು ಬಂದರು. ಅಕ್ಕನ ಭುಜದ ಮೇಲೆ, ಕೂದಲಲ್ಲಿ ಅಂತರಗಂಗೆಯ ಬೇರು. ಮಗ್ಗು ಇನ್ನೂ ಕೈಯಲ್ಲೇ ಇತ್ತು. ದೋಣಿಯನ್ನು ಮಗುಚಿ ಹಾಕಿದಾಗ ತೇಪೆ ಒಂದು ಕಡೆಯಿಂದ ಎದ್ದು ನಿಂತಿತ್ತು. ಅಪ್ಪ ಮುಟ್ಟಿದರು. ಅದು ಇಡಿಯಾಗಿ, ಮರದ ಒಂದು ಸಿಬಿರೂ ಅಂಟಿಸಿಕೊಳ್ಳದೆ, ಅವರ ಕೈಗೆ ಬಂತು. ಹಲಸಿನ ತೊಳೆ ಬಿಡಿಸಿದ ಹಾಗೆ. ಈ ಹೋಲಿಕೆ ಅಕ್ಕ ಅಂದು ಕೊಟ್ಟದ್ದೋ, ನಾನು ಆಮೇಲೆ ಕಟ್ಟಿಕೊಂಡದ್ದೋ ಗೊತ್ತಿಲ್ಲ. ಅಂಟಿನ ಮೈ ಗಾಜಿನ ಹಾಗೆ ನುಣುಪಾಗಿತ್ತು. ಅದರಲ್ಲಿ ನಾಲ್ಕು ಕಡೆ ತೆಳ್ಳಗೆ ಹಳದಿ ಕಲೆಗಳನ್ನು ನಾನು ಕಂಡೆ. ಕಂಡೆ ಎಂದುಕೊಂಡಿದ್ದೇನೆ. ಅಂಟಿನ ಬಣ್ಣವೇ ಸ್ವಲ್ಪ ಹಳದಿ.

"ಮರ ಒಣಗಿರ್ಲಿಲ್ಲ," ಎಂದರು ಅಪ್ಪ. "ನಂದೇ ತಪ್ಪು ಪುಟ್ಟಿ. ಇನ್ನೊಂದ್ ದಿನ ಒಣಗಿಸ್ಬೇಕಿತ್ತು."

"ಇನ್ನೊಂದ್ ದಿನ ಎಲ್ಲಿತ್ತು ಅಪ್ಪಾ," ಎಂದಳು ಅಕ್ಕ. "ನಾನು ಕಲಸಿದ್ದೇ ಸರಿ ಇರ್ಲಿಲ್ವೇನೋ."

ಅಮ್ಮ ಸೆರಗಿನಿಂದ ಅಕ್ಕನ ತಲೆ ಒರೆಸಿ, ಬೇರುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದಳು. "ನಡಿ, ಬಟ್ಟೆ ಬದಲಾಯಿಸ್ಕೋ. ಶೀತ ಆಗುತ್ತೆ."

ಅಕ್ಕ ಮಾತಿಗೆ ತಪ್ಪಲಿಲ್ಲ. ಬ್ಯಾಂಕ್ ಪರೀಕ್ಷೆ ಬರೆದಳು, ಕೆಲಸ ಸಿಕ್ಕಿತು, ಎರಡನೆಯ ಜಾತಕ ಕೂಡಿಬಂತು. ಈಗ ಎನ್.ಆರ್. ಕಾಲೋನಿಯಲ್ಲಿದ್ದಾಳೆ. ಭಾವ ಒಳ್ಳೆಯವರು, ಅವಳು ಸುಖವಾಗಿಲ್ಲ ಎಂದು ಹೇಳಲು ನನಗೆ ಯಾವ ಆಧಾರವೂ ಇಲ್ಲ. ಆದರೆ ಜೋರು ಗಾಳಿ ಬಂದಾಗ ಅವಳು ಮಾತು ನಿಲ್ಲಿಸಿ, ಎಡಗೈಯ ಬೆರಳುಗಳನ್ನು ಮಡಿಚಿಕೊಳ್ಳುತ್ತಾಳೆ. ಅದನ್ನು ನಾನು ನೋಡಿದ್ದೇನೆ. ದೋಣಿ ಓಣಿಯಲ್ಲೇ ಬಿದ್ದು ಪದರ ಪದರವಾಗಿ ಬಿಚ್ಚಿಕೊಂಡಿತು. ಅಪ್ಪ ಅದನ್ನು ಕೊಯ್ದು ಬಚ್ಚಲುಮನೆಗೆ ಒಂದು ಹಲಗೆ ಮಾಡಿದರು. ಕೊನೆಯ ಕಾಯಿಲೆಯಲ್ಲಿ, ಹಾಸಿಗೆಯಲ್ಲಿ ಮಲಗಿ ಯಾವುದೋ ಮಾತಿನ ನಡುವೆ, ಯಾರೂ ಕೇಳದೆ, ಅವರು ಮತ್ತೆ ಅದನ್ನೇ ಹೇಳಿದರು. "ಇನ್ನೊಂದ್ ದಿನ ಒಣಗಿಸ್ಬೇಕಿತ್ತು." ಅಮ್ಮ ಅವರ ಕಾಲ ಬಳಿ ಕೂತಿದ್ದಳು. ಆಗಲೂ ಏನೂ ಹೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಮಾವಳ್ಳಿಯ ಕಡೆಯಿಂದ ಒಂದು ದೊಡ್ಡ ಹಲಸಿನಹಣ್ಣು ತಂದೆ. ಅಮ್ಮ ಜಗಲಿಯ ಮೇಲೆ ಪೇಪರ್ ಹಾಸಿ, ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಂಡು ಕೂತಳು. ಚಾಕುವಿಗೆ ಎಣ್ಣೆ ಹಚ್ಚಿದಳು, ಎರಡೂ ಅಂಗೈಗೆ ಹಚ್ಚಿದಳು, ಬೆರಳ ಸಂದಿಗೂ.

"ನೀನೂ ಹಚ್ಕೋ. ಹಂಗೇ ಕೈ ಹಾಕಿದ್ರೆ ಸೋಪಿಗೂ ಹೋಗಲ್ಲ ಅಂಟು."

"ಎಣ್ಣೆ ಹಚ್ಚಿದ್ರೆ?"

"ಎಣ್ಣೆ ಇದ್ರೆ ಎಂಥಾ ಅಂಟೂ ಹಿಡಿಯಲ್ಲ ಕಣೆ. ಇಷ್ಟು ವಯಸ್ಸಾಯ್ತು, ಇದೂ ಗೊತ್ತಿಲ್ವಾ ನಿಂಗೆ? ಎಂ.ಎ. ಓದ್ಕೊಂಡು."

ಹುಟ್ಟಿದಾಗಿನಿಂದ ಪ್ರತಿ ಬೇಸಿಗೆ ನೋಡಿದ ಕೈಗಳು ಅವು. ಆ ದಿನ ಮಾತ್ರ ನನಗೆ ಅವುಗಳ ಉಂಗುರ ಬೆರಳು ಕಾಣಿಸಿತು. ಎಣ್ಣೆಯ ವಿಷಯ ಗೊತ್ತಿದ್ದವಳು, ಮರೆತು ಎಣ್ಣೆಯಲ್ಲಿ ಕಲಸಿರಬಹುದು. ಕೆರೆಯ ನೀರಿಗೆ ಕುಂಕುಮ ತೊಳೆದುಹೋಗದಿರಲಿ ಎಂದು ಕಲಸಿರಬಹುದು. ಗಾಯ ಎಂದುಕೊಂಡು ಕಲಸಿರಬಹುದು. ನೀರಿನಲ್ಲೇ ಕಲಸಿದ್ದು, ಅಪ್ಪ ಹೇಳಿದಂತೆ ಮರವೇ ಒಣಗಿರಲಿಲ್ಲ ಎಂದೂ ಇರಬಹುದು. ಹಾಯಿಗೆ ಎರಡೆರಡು ಸಾಲು ಹೊಲಿಗೆ ಹಾಕಿದವಳು, ಬಿಸಿನೀರು ಹೊತ್ತವಳು, ಬೇಕೆಂದೇ ಆ ಕೆಲಸ ಮಾಡಿರುತ್ತಾಳೆ ಎಂದು ನಾನು ನಂಬುವುದಿಲ್ಲ. ಆದರೆ ನಂಬುವುದಿಲ್ಲ ಎನ್ನುವುದಕ್ಕೂ ನನ್ನ ಬಳಿ ಇರುವುದು ಪ್ರೀತಿ ಒಂದೇ, ಅದು ಸಾಕ್ಷಿಯಾಗುವುದಿಲ್ಲ.

ಕೇಳಿಬಿಟ್ಟೆ. ಅಮ್ಮನ ಕೈ ಹಣ್ಣಿನೊಳಗೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಂದು ತೊಳೆ ಬಿಡಿಸಿ, ಬೀಜ ತೆಗೆದು, ನನ್ನ ಕೈಗಿಟ್ಟು, "ಅಕ್ಕನಿಗೆ ಒಂದ್ ಡಬ್ಬಿ ತುಂಬಿಡು, ಅವಳಿಗೆ ಇಷ್ಟ" ಎಂದಳು. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಮರೆವೂ ಇಲ್ಲ. ಮತ್ತೆ ಹಲಸಿನ ಕಾಲ ಬಂದಿದೆ. ನಾನು ಎರಡನೇ ಸಲ ಕೇಳಿಲ್ಲ, ಅವಳು ಹೇಳಿಲ್ಲ. ಕೇಳಿದ್ದು ಇಷ್ಟೇ:

"ಅಮ್ಮಾ, ಆ ನವಮಿ ದಿನ ದೋಣಿಗೆ ಇಟ್ಯಲ್ಲ, ಅರಿಶಿನ ಕುಂಕುಮ, ಅದನ್ನ ನೀನು ನೀರಲ್ಲಿ ಕಲಸಿದ್ಯಾ, ಎಣ್ಣೇಲಾ?"